ನಾ ಒಬ್ಬಾಕೀನ

ತಾಲ್ಲೂಕಿನ ನಾಲ್ಕು ಶಿಕ್ಷಕರ ಸಂಘಗಳನ್ನು ಒಂದಾಗಿಸಲು ಎರಡು ವರ್ಷ ಊರೂರು ಅಲೆದಿದ್ದ ನೀಲಾಂಬಿಕಾ ಟೀಚರಿಗೆ ಶಿಕ್ಷಣಾಧಿಕಾರಿಯಿಂದ ಕರೆ ಬಂತು. ಎತ್ತಂಗಡಿಯೇ ಇರಬೇಕೆಂದುಕೊಂಡೇ ಕಚೇರಿಗೆ ಹೋದರು. ನಾಲ್ವರು ಅಧ್ಯಕ್ಷರೂ ಜೊತೆಗಿರುತ್ತೇವೆಂದು ಆಕೆಗೆ ಗುಟ್ಟಾಗಿ ಮಾತು ಕೊಟ್ಟಿದ್ದರು. ಹೆಸರು ಬಾಯಿಬಿಟ್ಟರೆ ಅವರ ಗತಿಯೂ ಅಷ್ಟೇ.

ಅಧಿಕಾರಿ ಎದ್ದು ಬಾಗಿಲು ಮುಂದೆ ಮಾಡಿದರು.

"ಕೂಡ್ರಿ ಅಕ್ಕೋರ. ಈ ಒಂದ್ ಮಾಡೋ ಕೆಲಸದಾಗ ನಿಮ್ ಕೂಡ ಯಾರ್ಯಾರದಾರ?"

"ಯಾರೂ ಇಲ್ರಿ ಸರ್."

"ಹೆಸರು ಹೇಳಿದ್ರ ನಿಮ್ಮನ್ನ ಬಿಟ್ ಬಿಡ್ತೀನಿ."

"ನಾ ಒಬ್ಬಾಕೀನ್ರಿ."

ಅಧಿಕಾರಿ ನಿಟ್ಟುಸಿರು ಬಿಟ್ಟು ಆಕೆಯ ಮುಂದೆ ಒಂದು ಹಾಳೆ ಸರಿಸಿದರು. ಆಕೆಯನ್ನು ಕೂಡಲೇ ಎತ್ತಂಗಡಿ ಮಾಡಬೇಕೆಂಬ ಮನವಿ ಅದು. ಕೆಳಗೆ, ಒಬ್ಬರ ಮುಖ ಒಬ್ಬರು ನೋಡದ ಆ ನಾಲ್ವರು ಅಧ್ಯಕ್ಷರ ಸಹಿಗಳು ಒಟ್ಟಿಗೇ ಇದ್ದವು.