ಕಾಶವ್ವ ಸುಟ್ಟ ಮೆಣಸಿನಕಾಯಿ

ಗ್ಯಾಸ್ ಮೇಲೆ ಏನಾದರೂ ಇಟ್ಟಿದ್ದರೆ ಮೊದಲು ಆಫ್ ಮಾಡಿ ಬನ್ನಿ... ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ.

ಫಕೀರೇಶ ಜಾನಪದ ಧಾಟಿಯಲ್ಲಿ ತಾನೇ ಹಾಡು ಕಟ್ಟಿ ತಾನೇ ಹಾಡುವವನು. ಹೆಗಲಿಗೊಂದು ಗಿಟಾರ್... ಹಿಂದೆ ಕಂಪನಿ ಇಲ್ಲ, ಮ್ಯಾನೇಜರ್ ಇಲ್ಲ.

ಎಂಟು ವರ್ಷದಿಂದ ಎಲ್ಲಿ ಹಾಡಿದರೂ ಜನ ಎರಡು ಹಾಡು ಕೇಳಿ, "ಈಗ ಯಾವ್ದರೆ ಗೊತ್ತಿದ್ದ ಹಾಡು ಹಾಡ್ರಿ" ಅನ್ನುತ್ತಿದ್ದರು.

ಮೊನ್ನೆ ಆರ್ಕೆಸ್ಟ್ರಾ ನಡೆಸುವ ವಿರೂಪಾಕ್ಷಿ ಫೋನ್ ಮಾಡಿದ್ದ. "ನಿನ್ನ ಹಾಡು ಬಿಟ್ಟು ಬಾ. ಮದುವಿ ಮನ್ಯಾಗ ಸಿನಿಮಾ ಹಾಡು ಹಾಡು. ಭಾನುವಾರ ಸಂಜಿಕ ಹೌದೋ ಅಲ್ಲೋ ಹೇಳಿಬಿಡು."

ಅದೇ ಭಾನುವಾರ ಸಂಜೆ ಧಾರವಾಡದ ಜಮಖಂಡಿ ಮೇಡಂ ಮನೆಯಲ್ಲಿ ಅವನ ಹೌಸ್ ಕನ್ಸರ್ಟ್.

ಗಿಟಾರ್ ಶ್ರುತಿ ಮಾಡುತ್ತ ಫಕೀರೇಶ ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟ... ಇವತ್ತು ಒಬ್ಬರಾದರೂ ನನ್ನ ಹಾಡಿಗೆ ಕರಗಿದರೆ ಸರಿ. ಇಲ್ಲದಿದ್ದರೆ ನಾಳೆಯಿಂದ ಆರ್ಕೆಸ್ಟ್ರಾ.

ಹೌಸ್ ಕನ್ಸರ್ಟ್ ಅಂದರೆ ಸ್ಟೇಜ್ ಇಲ್ಲ, ಮೈಕ್ ಇಲ್ಲ. ಸೋಫಾ ಹಿಂದಕ್ಕೆ ತಳ್ಳಿ ಜಮಖಾನೆ ಹಾಸಿದರೆ ಆಯಿತು. ಮೂವತ್ತು ಜನ ಚಕ್ಕಳಮಕ್ಕಳ ಹಾಕಿ ಕೂತಿದ್ದರು.

ಮೇಡಂ ರೂಲ್ಸ್ ಹೇಳಿದರು. "ಫೋನ್ ಬಂದ್. ಮಾತು ಬಂದ್. ಕೆಮ್ಮೋದೂ ಬಂದ್. ಫ್ಯಾನ್ ಸಪ್ಪಳ ಮಾಡ್ತದ, ಅದೂ ಬಂದ್!"

ರಸ್ತೆಯ ಗದ್ದಲ ಬರಬಾರದೆಂದು ಕಿಟಕಿಗಳನ್ನೂ ಮುಚ್ಚಿಸಿದರು. ಈ ಕಿಟಕಿಗಳನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ...

ಆದರೆ ಅಡುಗೆಮನೆ ಬಂದ್ ಮಾಡುವುದು ಮೇಡಂ ಕೈಯಲ್ಲೂ ಇರಲಿಲ್ಲ. ಮನೆಗೆ ಬಂದವರನ್ನು ಉಣ್ಣಿಸದೆ ಕಳಿಸುವ ಪದ್ಧತಿ ಆ ಕಡೆ ಇಲ್ಲ. ಅಡುಗೆಯ ಕಾಶವ್ವ ಬೆಳಗ್ಗೆಯಿಂದ ಒಲೆಯ ಮುಂದೆಯೇ ಇದ್ದಳು.

ಮೊದಲ ಮೂರು ಹಾಡು ಮುಗಿದವು. ಒಬ್ಬರು ಗಡಿಯಾರ ನೋಡಿದರು. ಒಬ್ಬರು ಆಕಳಿಸಿದರು. ಹಿಂದಿನ ಸಾಲಿನ ಬೆಲ್ಲದ ಅಂಕಲ್ ಅಡುಗೆಮನೆಯ ಗೋಡೆಗೆ ಒರಗಿ ಹಾಯಾಗಿ ನಿದ್ದೆ ಹೋಗಿದ್ದರು.

ಫಕೀರೇಶನ ಹತ್ತಿರ ಉಳಿದಿದ್ದು ಒಂದೇ, ಇನ್ನೂ ಎಲ್ಲೂ ಹಾಡದ ಹೊಸ ಹಾಡು. ಕಣ್ಣು ಮುಚ್ಚಿ ಶುರು ಮಾಡಿದ...

"ಊರೆಲ್ಲ ಉಂಡೈತಿ, ಒಲಿ ತಣ್ಣಗಾಗೈತಿ...
ನೀ ಉಂಡಿ ಏನವ್ವ ಅಂತ ಯಾರು ಕೇಳ್ಯಾರ..."

ಕಣ್ಣು ತೆರೆದರೆ ಏನಾಶ್ಚರ್ಯ! ಬೆಲ್ಲದ ಅಂಕಲ್ ಎದ್ದು ಕೂತು ಗಳಗಳ ಅಳುತ್ತಿದ್ದಾರೆ!

ಅವರ ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಅವರ ಮುಂದಿನ ಸಾಲು... ಅಳು ಹಿಂದಿನಿಂದ ಮುಂದಕ್ಕೆ, ಸಾಲು ಸಾಲಾಗಿ, ಶಿಸ್ತಾಗಿ ಬರುತ್ತಿತ್ತು.

ಫಕೀರೇಶನಿಗೆ ಆಕಾಶಕ್ಕೆ ಮೂರೇ ಗೇಣು. ಅದೇ ಸಾಲನ್ನು ನಾಲ್ಕು ಸಲ ಹಾಡಿದ. ಹಾಡಿದಷ್ಟೂ ಕಣ್ಣೀರು!

"ಸಾಕ್ರೀ... ತಡ್ಕೊಳ್ಳಾಕ ಆಗವಲ್ದು!" ಯಾರೋ ಕೈ ಮುಗಿದರು. ಅವನು ಐದನೇ ಸಲ ಹಾಡಿದ.

ಆರನೇ ಸಲಕ್ಕೆ ದೊಡ್ಡದಾಗಿ ಉಸಿರೆಳೆದುಕೊಂಡ ನೋಡಿ... ಖೊಕ್! ಖೊಕ್! ಖೊಕ್!

ಅಲ್ಲಿಗೆ ಇಡೀ ಹಾಲ್ ರೂಲ್ಸ್ ಮುರಿಯಿತು. ಮೂವತ್ತು ಜನರೂ ಒಟ್ಟಿಗೆ ಕೆಮ್ಮಿದರು.

"ಕಿಟಕಿ ತಗೀರಿ! ಫ್ಯಾನ್ ಹಚ್ಚರಿ! ಮೆಣಸಿನಕಾಯಿ ಘಾಟು!" ಎಂದು ಮೇಡಮ್ಮೇ ಕೂಗಿದರು. ಪಾಪ, ಅಷ್ಟು ಹೊತ್ತು ಮರ್ಯಾದೆಗೆ ಅಂಜಿ ಕೆಮ್ಮು ತಡೆದುಕೊಂಡವರ ಕಣ್ಣೀರು ಅದು...

ಊಟ ಶುರುವಾಯಿತು. ಎಲ್ಲರ ಬಾಯಲ್ಲೂ ಘಾಟಿನ ಮಾತೇ, ಹಾಡಿನ ಮಾತಿಲ್ಲ. ಫಕೀರೇಶ ದುಃಖದಲ್ಲಿ ಐದು ರೊಟ್ಟಿ ತಿಂದ.

ಅಷ್ಟರಲ್ಲಿ ವಿರೂಪಾಕ್ಷಿಯ ಫೋನ್. 'ಹೌದು' ಎಂದು ಹೇಳಿಬಿಡೋಣ ಅಂತ ಅಡುಗೆಮನೆ ದಾಟಿ ಹಿತ್ತಲಿಗೆ ಹೊರಟ.

ಕಪ್ಪಗಾದ ಬಾಣಲೆ ತಿಕ್ಕುತ್ತಿದ್ದ ಕಾಶವ್ವ ಎದ್ದು ಅಡ್ಡ ನಿಂತಳು. "ತಪ್ಪಾತೋ ಯಪ್ಪಾ... ನಿನ್ನ ಹಾಡು ಕೆಡಿಸಿಬಿಟ್ನಿ."

"ಇರ್ಲಿ ಬಿಡವ್ವ. ಕೈ ತಪ್ಪತೈತಿ."

"ಕೈ ತಪ್ಪಿದ್ದಲ್ಲೋ! ಮೂವತ್ತು ವರ್ಷ ಆತು, ನನ್ನ ಕೈಯಾಗ ಒಂದು ಮೆಣಸಿನಕಾಯಿ ಕರಕಾಗಿಲ್ಲ. ಚಟ್ನಿಗೆ ಹುರ್ಯಾಕ ಹಾಕಿದ್ನಿ. ನೀ ಆ ಹಾಡು ತಗದಿ... ಬಾಗಿಲಿಗೆ ಬಂದು ನಿಂತ್ನಿ. ಒಲಿ ಮ್ಯಾಲೆ ಏನೈತಿ ಅನ್ನೋದನ್ನ ಮರ್ತಬಿಟ್ನಿ."

ಫಕೀರೇಶನ ಕೈಯಲ್ಲಿ ಫೋನ್ ಬಡಿದುಕೊಳ್ಳುತ್ತಲೇ ಇತ್ತು...

"ಒಂದು ಮಾತು ಕೇಳ್ಲೇನು?" ಕಾಶವ್ವ ದನಿ ತಗ್ಗಿಸಿದಳು. "ಗದ್ಲದಾಗ ಮುಂದಿಂದು ಕೇಳಿಸ್ಲಿಲ್ಲ. ಆಕೀನ್ನ ಕಡೀಕ ಯಾರರೆ ಕೇಳಿದ್ರೋ ಇಲ್ಲೋ?"

ಆ ಹಾಡಿಗೆ ಫಕೀರೇಶ ಮುಂದಿನ ಸಾಲೇ ಬರೆದಿರಲಿಲ್ಲ.

ಅದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿತ್ತು. ಹಾಡು ಕಟ್ಟಿದವನೇ ಇವಳ ಕೈಯಿಂದ ಐದು ರೊಟ್ಟಿ ಹಾಕಿಸಿಕೊಂಡು ತಿಂದಿದ್ದ... ಆ ಒಂದು ಮಾತು ಕೇಳಿರಲಿಲ್ಲ.

ಫೋನ್ ಕಟ್ ಮಾಡಿದ. ರಾಗ ಇಲ್ಲದೆ, ಮೆಲ್ಲಗೆ ಕೇಳಿದ. "ನೀ ಉಂಡಿ ಏನವ್ವ?"

ಕಾಶವ್ವನ ಕಣ್ಣು ತುಂಬಿ ಬಂತು.

ಕಿಟಕಿ ತೆರೆದಿತ್ತು. ಘಾಟು ಆಗಲೇ ಹೋಗಿತ್ತು...

ಫಕೀರೇಶ ತಾನೇ ತಟ್ಟೆ ತೊಳೆದು, ರೊಟ್ಟಿ ಎಣ್ಣೆಗಾಯಿ ಬಡಿಸಿ, ಅವಳ ಎದುರು ನೆಲದ ಮೇಲೆ ಕೂತ. ಮತ್ತೆ ಫೋನ್ ಬಂತು.

"ಏನಪ್ಪಾ, ಹೌದೋ ಅಲ್ಲೋ?" ಎಂದ ವಿರೂಪಾಕ್ಷಿ.

"ಅಲ್ರೀ ಅಣ್ಣಾರ, ನಾ ಬರಂಗಿಲ್ಲ. ನನ್ನ ಹಾಡು ಕೇಳ್ಕೋತ ಒಬ್ಬಾಕಿ ಒಂದು ಬಾಣಲಿ ಮೆಣಸಿನಕಾಯಿ ಸುಟ್ಟಾಳ. ನಿಮ್ಮ ಆರ್ಕೆಸ್ಟ್ರಾಕ್ಕ ಯಾವತ್ತರೆ ಹಂಗ ಆಗೈತೇನ್ರಿ?"

ಇವನಿಗೆ ಏನೋ ಆಗಿದೆ ಅಂದುಕೊಂಡು ವಿರೂಪಾಕ್ಷಿ ಫೋನ್ ಇಟ್ಟ.

ಕಾಶವ್ವ ಮಾತ್ರ ಎರಡನೇ ರೊಟ್ಟಿ ಮುರಿಯುತ್ತ ಹೇಳಿದಳು, "ಹಾಡು ಚಲೋ ಐತಿ. ಆದ್ರ ಮುಂದಿನ ಸಾಲು ಲಗೂನ ಬರಿ. ಕಾಯಾಕತ್ತೀನಿ."

*

ನಿಮ್ಮನ್ನು ನಿಜವಾಗಿ ಕೇಳುವವರು ಮುಂದಿನ ಸಾಲಿನಲ್ಲೇ ಕೂತಿರಬೇಕೆಂದಿಲ್ಲ, ಬಾಗಿಲ ಹಿಂದೆ ನಿಂತಿರಬಹುದು.

ಇವತ್ತು ನಿಮಗೆ ಬಡಿಸಿದವರನ್ನು "ನೀವು ಉಂಡಿರಾ?" ಅಂತ ಕೇಳಿದಿರಾ...?