ಬಚ್ಚಲಿನ ಗೋಡೆ

ಬಿಸಿನೀರು ತಾಗಿದರೆ ಗೋಡೆಗಳು ತಾವು ಕೇಳಿದ್ದನ್ನೆಲ್ಲ ಆಡಿಬಿಡುತ್ತವೆ. ಹಾಗಾಗಿ ಗದಗಿನಲ್ಲಿ ಯಾವ ಗೌಂಡಿಯೂ ಮನೆಯವರನ್ನು ಕೇಳದೆ ಬಚ್ಚಲಿನ ಟೈಲ್ಸ್ ಒಡೆಯುವುದಿಲ್ಲ.

"ಅಕ್ಕಾರ, ಕಡೀದೊಂದು ತಂಬಿಗಿ ನೀವ ಹಾಕ್ರಿ. ಆಮ್ಯಾಲ ಒಡೀತೀನಿ," ಎಂದು ಗೌಂಡಿ ಮಲಂಗಸಾಬ ಸುತ್ತಿಗೆ ಕೆಳಗಿಟ್ಟು, ಪರರ ಮನೆಯ ಮಾತು ಕಿವಿಗೆ ಬೀಳಬಾರದೆಂದು ಹಿತ್ತಲಿಗೆ ಸರಿದು ನಿಂತ.

ಈಚೆಗೆ ಎಲ್ಲರೂ ಹಾಕಿಸುವ ಮೂಕ ಟೈಲ್ಸ್ ಪಡಸಾಲೆಯಲ್ಲಿ ಬಂದು ಕೂತಿದ್ದವು. ಅವನ್ನು ಆರಿಸಿದವಳು ಮನೆಯೊಡತಿ ಶಿವಲೀಲಾಳೇ. ತೀರಿಹೋದ ಮಾವನ ದನಿ ಕೇಳುತ್ತ ಹೊಸ ಸೊಸೆ ಸ್ನಾನ ಮಾಡುವುದಾದರೂ ಹೇಗೆ? ಪಾಪ, ಆ ಹುಡುಗಿ ಬಂದಾಗಿನಿಂದ ತಣ್ಣೀರಲ್ಲೇ ಮೀಯುತ್ತಿದ್ದಳು.

ಶಿವಲೀಲಾ ಹಂಡೆಯಿಂದ ನೀರು ತೋಡಿ ಗೋಡೆಗೆ ಹೊಯ್ದಳು. ಹಬೆಯೊಳಗಿಂದ ತೀರಿಹೋದ ಗಂಡನ ಹಾಡು ಎದ್ದಿತು. ಅದೇ ಅಪಸ್ವರ, ಮುಂದಿನ ಸಾಲು ಮರೆತಾಗಿನ ಅದೇ ಕೆಮ್ಮು. ಅವಳು ಹೊರಬಂದು, ದಿನಾ ಮಾಡುತ್ತಿದ್ದಂತೆ ಬಾಗಿಲು ಬಡಿದಳು.

"ಸಾಕ್ರಿ ನಿಮ್ಮ ಹಾಡು! ಹೊರಗ ಬರ್ರಿ."

"ಬಂದ್ನಿ, ಬಂದ್ನಿ," ಎಂದಿತು ಗೋಡೆ, ದಿನಾ ಅನ್ನುತ್ತಿದ್ದಂತೆ. "ಟಾವೆಲ್ ಮರತೀನಿ, ಕೊಡ ಲೀಲಾ."

ಅವಳು ಓಡಿಹೋಗಿ ಹಗ್ಗದ ಮೇಲಿನ ಟಾವೆಲ್ ತಂದಳು. ಅಷ್ಟರಲ್ಲಿ ಗೋಡೆ ತಣ್ಣಗಾಗಿತ್ತು. ನೀಡಿದ ಕೈ ನೀಡಿದಂತೆಯೇ ಉಳಿಯಿತು.

ಹಿತ್ತಲಿನಿಂದ ಬಂದು ಹಿಂದೆ ನಿಂತಿದ್ದ ಮಲಂಗಸಾಬ ಮೆಲ್ಲಗೆ ಕೇಳಿದ: "ಒಡೀಲೇನ್ರಿ ಅಕ್ಕಾರ?"

ಶಿವಲೀಲಾ ಟಾವೆಲನ್ನು ಒಳಗಿನ ಗೂಟಕ್ಕೆ ಹಾಕಿ, ಹೊರಬಂದು ಬಾಗಿಲು ಮುಂದೆ ಮಾಡಿದಳು.

"ಒಂದೀಟು ತಡೀರಿ. ಅವರು ಮೈ ಒರಸ್ಕೊಳ್ಳಲಿ. ಆಮ್ಯಾಲ ಒಡೀರಿ."