ಆರನೆಯ ಹುಂಜ

ಎಫಿ ಗಿಲ್ರುತ್ ಬಳಿ ಆರನೆಯ ಬಟ್ಟಲು ಇರಲಿಲ್ಲ. ಐದಿದ್ದವು. ನೂರೈವತ್ತು ವರ್ಷದ ಹಿಂದೆ ಫೈಫ್ ಕಡಲದಂಡೆಯ ಕುಂಬಾರರು ಸ್ಪಂಜಿನಿಂದ ನೀಲಿ ಹುಂಜ ಒತ್ತಿ ಸುಟ್ಟ ಗಂಜಿ ಬಟ್ಟಲುಗಳು. ಆರನೆಯದು ಪಕ್ಕದ ಮನೆಯ ಮುದುಕ ವಾಟಿಯ ಬಳಿ ಇತ್ತು. ಅವನು ದಿನಾ ಅದರಲ್ಲೇ ಓಟ್ಸ್ ಗಂಜಿ ತಿನ್ನುತ್ತಿದ್ದ. ಹನ್ನೊಂದು ವರ್ಷ ಕೇಳಿದಳು. ಹನ್ನೊಂದು ವರ್ಷವೂ ಅವನದು ಒಂದೇ ಮಾತು: "ನಾನು ಸತ್ಮೇಲೆ ನೋಡೋಣ."

ಈಗ ಸತ್ತಿದ್ದ. ಇನ್ನೊಂದು ಗಂಟೆಗೆ ಶವಪೆಟ್ಟಿಗೆ ಹೊರಡುವುದಿತ್ತು.

ಎಫಿ ಹೋದಾಗ ವಾಟಿಯ ತಂಗಿ ಬೆಥಿಯಾ ಅಡುಗೆಮನೆಯಲ್ಲಿ ಅದೇ ಬಟ್ಟಲಿಗೆ ಉಪ್ಪು ಸುರಿಯಲು ನಿಂತಿದ್ದಳು. ಆ ಬೀದಿಯ ಮೀನುಗಾರರ ರೂಢಿ ಅದು. ಹೆಣದ ಎದೆಯ ಮೇಲೆ ಉಪ್ಪಿಡಬೇಕು, ಮಣ್ಣಿಡಬೇಕು, ಎರಡೂ ಬೆರೆಯಬಾರದು. ಪೆಟ್ಟಿಗೆ ಹೊಸ್ತಿಲು ದಾಟಿದ ಕೂಡಲೇ ಇಟ್ಟ ಬಟ್ಟಲನ್ನು ಮೆಟ್ಟಿಲಿಗೆ ಅಪ್ಪಳಿಸಿ ಒಡೆಯಬೇಕು.

"ಅಯ್ಯೋ, ಅದನ್ನ ಒಡೀತೀಯೇನೇ?" ಎಫಿ ಬಟ್ಟಲು ಕಿತ್ತುಕೊಂಡಳು. "ನಿಮ್ಮಣ್ಣ ದಿನಾ ಉಂಡಿದ್ದು ಕಣೇ. ನೆನಪಿಗಾದ್ರೂ ನಂಗಿರ್ಲಿ."

"ಬದುಕಿದ್ದಾಗ ಒಂದ್ ಕಪ್ ಟೀ ಕೊಟ್ಟವಳಲ್ಲ. ಈಗ ನೆನಪಂತೆ!"

"ಅದಕ್ಕೇ ಈಗ ಹೊಟ್ಟೆ ಉರೀತಿದೆ."

ಬೆಥಿಯಾ ಮೂಗು ಮುರಿದಳು. "ಇಟ್ಕೋ ಹೋಗು. ಉಪ್ಪಿಗೆ, ಮಣ್ಣಿಗೆ ಏನ್ಮಾಡ್ಲಿ?"

"ನಮ್ಮನೇಲಿ ಬಟ್ಟಲಿಗೆ ಬರವೇನೇ? ಬಾಗ್ಲು ತೆಗ್ದೇ ಇದೆ. ಹೋಗಿ ತಗೋ."

ತಾನೇ ಹೋಗಬಹುದಿತ್ತು. ಆದರೆ ಕೊಟ್ಟ ಗಳಿಗೆಯಲ್ಲೇ ಬಟ್ಟಲು ಎತ್ತಿಕೊಂಡು ಓಡಿದರೆ ಬೀದಿಯ ಬಾಯಿಗೆ ಬೀಳಬೇಕು. ಬಿಟ್ಟು ಹೋದರೆ ಬೆಥಿಯಾ ಮನಸ್ಸು ಬದಲಿಸಿಯಾಳು. ತನ್ನ ಸಿಂಕಿನ ಪಕ್ಕದಲ್ಲಿ ಸೂಪರ್‌ಮಾರ್ಕೆಟ್ಟಿನ ಬಟ್ಟಲುಗಳ ರಾಶಿಯೇ ಇತ್ತು. ಕುರುಡರ ಕೈಗೂ ಸಿಗುವಂತಿತ್ತು. ಎಫಿ ಬಟ್ಟಲನ್ನು ಚೀಲಕ್ಕೆ ಹಾಕಿ, ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಬಂದವರಿಗೆಂದು ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಕುಳಿತಳು. ಹೆಣದ ಕೋಣೆಗೆ ಕಾಲಿಡಲಿಲ್ಲ. ದುಃಖ ಎಂದುಕೊಂಡರು ಹೆಂಗಸರು.

ಹನ್ನೊಂದಕ್ಕೆ ಗಂಡಸರು ಪೆಟ್ಟಿಗೆ ಎತ್ತಿದರು. ಹೊರಗೆ ಫಳಾರೆಂದಿತು. ಎಫಿ ನಿಟ್ಟುಸಿರುಬಿಟ್ಟಳು. ಆರೂ ಸೇರಿದ್ದವು. ಇನ್ನೊಮ್ಮೆ ಫಳಾರ್.

ಬೆಥಿಯಾ ಕೈ ಒರೆಸಿಕೊಳ್ಳುತ್ತ ಒಳಬಂದಳು.

"ನಿನ್ನ ಸಿಂಕ್ ಹತ್ರ ಇದ್ದವೆಲ್ಲ ಬರೀ ಕಳಪೆ ಕಣೇ. ಸತ್ತವನ ಎದೆ ಮೇಲೆ ಅಂಥದ್ದು ಇಡ್ತಾರಾ? ನಿನ್ ಮಾನಾನೂ ಹೋಗ್ತಿತ್ತು. ಗಾಜಿನ ಬೀರೂಲಿದ್ದ ಹುಂಜಗಳನ್ನೇ ತಂದೆ. ಉಪ್ಪಿಗೊಂದು, ಮಣ್ಣಿಗೊಂದು."

ಉಳಿದವು ನಾಲ್ಕು. ಒಡೆದವು ಎರಡು.